ನಿಮ್ಮಣ್ಣಂಗೆ ಹೇಳು

ಹಿರಿಯೂರು ದಾಟಿ ಹೊಸದುರ್ಗದ ರಸ್ತೆ ಹಿಡಿದರೆ, ಪೆಟ್ರೋಲ್ ಬಂಕ್ ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ, ತಗಡಿನ ಚಾವಣಿಯ ಒಂದು ಹೋಟೆಲು ಸಿಗುತ್ತದೆ. ಹೆಸರು ‘ಹಟ್ಟಿ ಊಟ’. ಮಾರಿಕಣಿವೆ ಅಣೆಕಟ್ಟೆ ಕೋಡಿ ಬಿದ್ದ ವರ್ಷ, ನೀರು ನೋಡಲು ಬಂದ ಜನ ಊಟಕ್ಕೆ ಪರದಾಡಿದ್ದನ್ನು ಕಂಡು ಯತ್ತಪ್ಪ, ಜುಂಜೇಶ ಎಂಬ ಭಾವ-ಮೈದುನರು ಅದನ್ನು ತೆರೆದರು. ಬೋರ್ಡು ಬರೆಯಲು ಬಂದವನು ಯಾರ ಹೆಸರು ಮೊದಲು ಎಂದು ಕೇಳಿದಾಗ ಇಬ್ಬರಿಗೂ ಜಗಳವೇ ಆಯಿತು.

“ಭಾವ ದೊಡ್ಡೋನು, ಅವನ್ದೇ ಮೊದ್ಲು ಬರಿ” ಎಂದ ಜುಂಜೇಶ.

“ಕುರಿ ತರೋನು ಅವ್ನು, ಅಡಿಗೆ ಮಾಡೋಳು ಅವರವ್ವ. ನಂದೇನೈತೆ ಇಲ್ಲಿ? ಅವನ್ದೇ ಬರಿ” ಎಂದ ಯತ್ತಪ್ಪ.

ಅರ್ಧ ಗಂಟೆ ಕಾದು ಬೇಸತ್ತ ಬೋರ್ಡಿನವನು ಒಂದೇ ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹೆಸರು ಬರೆದು, ನಡುವೆ ಒಂದು ಕುರಿಯ ಚಿತ್ರ ಬಿಡಿಸಿ ಹೋದ. ಆ ಕಾಲದಲ್ಲಿ ಇಬ್ಬರಿಗೂ ಆಗುತ್ತಿದ್ದುದು ಇಂಥ ಜಗಳಗಳೇ ಎಂದು ದೀಪಾ ಈಗಲೂ ನೆನೆಸಿಕೊಳ್ಳುತ್ತಾಳೆ.

ದೀಪಾ ಯತ್ತಪ್ಪನ ತಂಗಿ, ಜುಂಜೇಶನ ಹೆಂಡತಿ. ಅತ್ತೆ ಜುಂಜಮ್ಮ ಅವಳಿಗೆ ಸ್ವಂತ ಸೋದರತ್ತೆ, ಅಂದರೆ ಅಪ್ಪನ ತಂಗಿ. ಹೀಗಾಗಿ ಆ ಮನೆಯಲ್ಲಿ ಅವಳಿಗೆ ಪರಕೀಯರು ಅಂತ ಯಾರೂ ಇರಲಿಲ್ಲ. ಹೋಟೆಲಿನ ಬೆನ್ನಿಗೇ ಮೂರು ಕೋಣೆಯ ಬಾಡಿಗೆ ಮನೆ. ಯತ್ತಪ್ಪನಿಗೆ ಮೂವತ್ತೆಂಟಾದರೂ ಹೆಣ್ಣು ಕೂಡಿಬಂದಿರಲಿಲ್ಲ. ಹೋಟೆಲಿನ ಅಟ್ಟದ ಚಿಕ್ಕ ಕೋಣೆಯಲ್ಲಿ ಮಲಗುವುದು, ಊಟಕ್ಕೆ ತಂಗಿಯ ಮನೆ. ಗಿರಾಕಿಗಳ ಗಲಾಟೆ ಇಳಿದ ಮೇಲೆ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು. ಜುಂಜಮ್ಮ ನಡುವೆ, ಆಚೆಗೊಬ್ಬ ಈಚೆಗೊಬ್ಬ, ಮೂರನೇ ತರಗತಿಯ ಮಗಳು ನಾಗಶ್ರೀ ಶಾಲೆಯಿಂದ ಬಂದಿದ್ದರೆ ಮಾವನ ತೊಡೆಯ ಮೇಲೆ. ಬಿಸಿ ಮುದ್ದೆ ಇಡುತ್ತಾ ಈ ನಾಲ್ಕು ತಲೆಗಳನ್ನು ಒಂದೇ ನೋಟದಲ್ಲಿ ನೋಡುವಾಗ ದೀಪಾಗೆ ಆಗುತ್ತಿದ್ದ ನೆಮ್ಮದಿಯ ಮುಂದೆ ಹೋಟೆಲಿನ ವ್ಯಾಪಾರ ಏನೇನೂ ಅಲ್ಲ. ಆ ಮೂರು ಗಂಟೆಯ ಊಟವೊಂದು ಉಳಿದರೆ ಸಾಕೆಂದು ಅವಳು ಮುಂದೆ ಮಾಡಬಾರದ್ದನ್ನೆಲ್ಲ ಮಾಡಿದಳು.

ಇವರ ಹಟ್ಟಿ ಇರುವುದು ಮಾಡದಕೆರೆಯಿಂದ ಆಚೆ. ಅಲ್ಲಿ ಬೆಳಗಾದರೆ ಕುರಿ ಅರಚುತ್ತವೆ, ಕೋಳಿ ಕೂಗುವುದಿಲ್ಲ. ಹಟ್ಟಿಯ ಬೇಲಿಯೊಳಗೆ ಕೋಳಿ ಕಾಲಿಟ್ಟದ್ದನ್ನು ಕಂಡವರಿಲ್ಲ. ಮನೆದೇವರಿಗೆ ಆಗದೆಂದು ಸಾಕುವುದಿಲ್ಲ, ತಿನ್ನುವುದಿಲ್ಲ, ಕೋಳಿ ಬೆಂದ ಪಾತ್ರೆಯನ್ನು ಮುಟ್ಟುವುದಿಲ್ಲ. ಹುಡುಗರು ಪೇಟೆಗೆ ಹೋದಾಗ ಕಬಾಬ್ ಗಾಡಿಯ ಮುಂದೆ ನಿಂತು ತಿಂದು, ಸೋಂಪು ಅಗಿದು, ಏನೂ ಅರಿಯದವರ ಹಾಗೆ ಊರಿನ ಬಸ್ಸು ಹತ್ತುವುದುಂಟು. ಯತ್ತಪ್ಪ ಚಿತ್ರದುರ್ಗದಲ್ಲಿ ಕಾಲೇಜಿಗೆ ಹೋಗುವಾಗಲೇ ಈ ವಿದ್ಯೆಯಲ್ಲಿ ಪಳಗಿದ್ದ. ಜುಂಜೇಶನೂ ಏನು ಸಾಚಾ ಅಲ್ಲ. ಆದರೆ ಅದು ಹೊರಗಿನ ಮಾತು. ಜುಂಜಮ್ಮ ಇರುವ ಕಡೆ ಕೋಳಿಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಅದಕ್ಕೆ ಒಂದು ತಪ್ಪಲೆಯೂ ಕಾರಣ. ಮೂರು ಆಳು ಸುತ್ತುವರಿದು ಕೂರಬಹುದಾದ ತಾಮ್ರದ ತಪ್ಪಲೆ, ಜುಂಜಮ್ಮನ ಅತ್ತೆಯ ಕಾಲದ್ದು. ವರ್ಷಕ್ಕೊಮ್ಮೆ ಹಟ್ಟಿಯಲ್ಲಿ ಮನೆದೇವರಿಗೆ ಮರಿ ಕಡಿದಾಗ ಎಡೆಯ ಸಾರು ಕುದಿಯುವುದು ಅದರಲ್ಲೇ. ಹೋಟೆಲು ಶುರುವಾದಾಗ ಇವರ ಬಳಿ ಇದ್ದ ದೊಡ್ಡ ಪಾತ್ರೆ ಅದೊಂದೇ. “ದೇವ್ರ ತಪ್ಪಲೆ ಕಣಪ್ಪ, ಇದ್ರಾಗೆ ಮಾಡಿದ್ದು ಕೆಡಲ್ಲ” ಎಂದು ಮುದುಕಿಯೇ ಅದನ್ನು ಹೋಟೆಲಿನ ಒಲೆಗೆ ಏರಿಸಿದ್ದಳು. ಸಾರಿಗೆ ಹೆಸರು ಬಂತು. ದೇವರ ಪಾತ್ರೆಯನ್ನು ವ್ಯಾಪಾರದ ಜಾಗಕ್ಕೆ ತರಬಾರದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಗ ಯಾರಿಗೂ ಹೊಳೆಯಲಿಲ್ಲ.

*

ಮಾತು ನಿಂತದ್ದು ಒಂದು ಭಾನುವಾರ. ಮಾರಿಕಣಿವೆ ನೋಡಿಕೊಂಡು ಎರಡು ಟಿ.ಟಿ. ವ್ಯಾನು ತುಂಬ ಜನ ಬಂದು ಕೂತರು. ಚಿಕನ್ ಏನಿದೆ ಎಂದು ಕೇಳಿದರು, ಇಲ್ಲ ಅಂದದ್ದಕ್ಕೆ ನೀರು ಕುಡಿದು ಎದ್ದು ಹೋದರು. ಗಲ್ಲಾದಲ್ಲಿದ್ದ ಯತ್ತಪ್ಪನ ತಲೆ ಕೆಟ್ಟಿತು. ಉಳಿದ ಗಿರಾಕಿಗಳು ಇನ್ನೂ ಉಣ್ಣುತ್ತಿರುವಾಗಲೇ ಹಿಂದಕ್ಕೆ ತಿರುಗಿ ಕೂಗಿದ.

“ಮೂವತ್ತು ಜನ ಎದ್ದು ಹೋದ್ರು ಕಣಲೇ ಜುಂಜೇಶ. ಇನ್ನೆಷ್ಟು ದಿನ ಕುರಿ ಬಾಲ ಹಿಡ್ಕಂಡು ಕುಂತ್ಕಳಾಣ?”

“ಹೋಗೋರು ಹೋಗ್ಲಿ. ಕೋಳಿ ಮಾತು ಎತ್ತಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು?”

“ನೀನು ಹೇಳೋನು ನಾನು ಕೇಳೋನಾ?”

“ಫ್ಯಾನ್ ಕೆಳಗೆ ಕಾಲಾಡಿಸ್ತಾ ಕುಂತೋನಿಗೆ ಒಲೆ ಮುಂದಿನ ಕಷ್ಟ ಏನು ಗೊತ್ತು” ಎಂದ ಜುಂಜೇಶ, ಕೈಯಲ್ಲಿ ಮಚ್ಚು ಹಿಡಿದುಕೊಂಡೇ.

“ಕುರಿ ಕುಯ್ಯೋನು ಕುರಿ ಕುಯ್ಯಿ. ವ್ಯಾಪಾರ ನಂಗೆ ಬಿಡು.”

ಉಣ್ಣುತ್ತಿದ್ದವರು ತಟ್ಟೆಯಿಂದ ತಲೆ ಎತ್ತಿದರು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಯಾರೋ ನಕ್ಕರು. ಜುಂಜೇಶ ಮಚ್ಚನ್ನು ದಿಮ್ಮಿಗೆ ಕಚ್ಚಿಸಿ ಮನೆಗೆ ಹೋದ.

ಅಂದು ಮೂರು ಗಂಟೆಗೆ ಇಬ್ಬರೂ ಊಟಕ್ಕೆ ಕೂತರು, ನಡುವೆ ಜುಂಜಮ್ಮ. ಜುಂಜೇಶ ತಟ್ಟೆ ನೋಡುತ್ತಾ ಹೇಳಿದ: “ದೀಪಾ, ನಿಮ್ಮಣ್ಣಂಗೆ ಹೇಳು, ನಾಳೆ ಎರಡು ಕುರಿ ಸಾಕು.”

ಒಂದು ಮೊಳ ದೂರದಲ್ಲಿ ಕೂತಿದ್ದ ಯತ್ತಪ್ಪ, “ನಿನ್ನ ಗಂಡಂಗೆ ಹೇಳು, ಕೇಳಿಸ್ತು ಅಂತ” ಎಂದ.

ದೀಪಾಗೆ ನಗು ಬಂತು. ನಾಲ್ಕು ದಿನದ ಬಿಗುಮಾನ, ಇಳಿಯುತ್ತದೆ ಅಂದುಕೊಂಡಳು. ಜುಂಜಮ್ಮ ಮಾತ್ರ, “ಏನ್ರಪ್ಪ ಇದು, ಹೆಣ್ಣುಮಗಳ ಬಾಯಾಗೆ ಮಾತಾಡ್ತೀರಾ?” ಎಂದು ಇಬ್ಬರನ್ನೂ ಗದರಿದಳು.

ಒಂದು ವಾರವಾಯಿತು. ಎರಡನೇ ವಾರ ಯತ್ತಪ್ಪ ತಟ್ಟೆ ತೆಗೆದುಕೊಂಡು ಹೋಟೆಲಿನ ಹಿಂದಿನ ಬೆಂಚಿಗೆ ಹೋಗಿ ಉಣ್ಣತೊಡಗಿದ. ಅಲ್ಲಿಗೆ ಮುದ್ದೆ ಒಯ್ಯುವುದು ದೀಪಾಳ ಕೆಲಸ. ಮುದ್ದೆಯ ಜೊತೆ ಮಾತನ್ನೂ ಒಯ್ಯಬೇಕಾಯಿತು. ಆಮೇಲೆ ಒಬ್ಬ ಆಡಿದ್ದು ಇನ್ನೊಬ್ಬನ ಕಿವಿಗೆ ನೇರವಾಗಿ ಬೀಳುವಂತಿರಲಿಲ್ಲ. ಅವಳು ಮಾತಿಗೆ ಕತ್ತರಿ ಹಾಕಲು ಶುರುಮಾಡಿದ್ದು ಆಗಲೇ.

“ನಿಮ್ಮಣ್ಣಂಗೆ ಹೇಳು, ಕುಂತು ಕುಂತು ಅವನ ಹೊಟ್ಟೆ ಗಲ್ಲಾ ದಾಟಿ ಮುಂದಕ್ಕೆ ಬಂದೈತೆ. ಮೈ ಬಗ್ಗಿಸಿ ಒಂದಿನ ಸಂತೆಗೆ ಬಂದು ಕುರಿ ಹಿಡೀಲಿ” ಎಂದ ಜುಂಜೇಶ.

ದೀಪಾ ಬೆಂಚಿನ ಬಳಿ ಹೋಗಿ, “ಅಣ್ಣ, ಕುರಿ ಆರ್ಸೋದ್ರಾಗೆ ನಿನ್ನ ಕಣ್ಣು ಚುರುಕಂತೆ. ಒಂದಿನ ಸಂತೆಗೆ ಬಂದ್ರೆ ಅನುಕೂಲ ಅಂತಿದ್ರು” ಎಂದಳು.

ಯತ್ತಪ್ಪ ತುತ್ತು ನಿಲ್ಲಿಸಿದ. “ಅವ್ನು ಹಂಗಂದ್ನಾ?”

“ಊಂ.”

ಮರುದಿನ ಅವನು ನಸುಕಿಗೇ ಎದ್ದು ಸಂತೆಗೆ ಹೋಗಿ ಎರಡು ಒಳ್ಳೆಯ ಟಗರು ಹಿಡಿದು ತಂದು ಕಟ್ಟಿದ. ಜುಂಜೇಶ ಅವುಗಳ ಬೆನ್ನು ಒತ್ತಿ ನೋಡಿ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದುದೇ ದೀಪಾಗೆ ದೊಡ್ಡ ಲಾಭವಾಗಿ ಕಂಡಿತು. ಅವಳಿಗೆ ಧೈರ್ಯ ಬಂತು. ಇತ್ತಲಿಂದ “ಕಂಜೂಸ್” ಅಂತ ಹೊರಟದ್ದು ಅತ್ತ “ಲೆಕ್ಕಾಚಾರದ ಮನುಷ್ಯ” ಅಂತ ತಲುಪುತ್ತಿತ್ತು. ಅತ್ತಲಿಂದ ಬಂದ “ಕತ್ತೆ” ದಾರಿಯಲ್ಲೇ ಎಲ್ಲೋ ಬಿದ್ದುಹೋಗುತ್ತಿತ್ತು.

ಬೆಂಚಿನ ತುದಿಯಲ್ಲಿ ಕೂತು ಬರೆಯುತ್ತಿದ್ದ ನಾಗಶ್ರೀ ಒಂದು ದಿನ ಅವಳ ಸೆರಗು ಜಗ್ಗಿದಳು. “ಅಮ್ಮ, ಮಾವ ಹಂಗೆ ಹೇಳ್ಲೇ ಇಲ್ವಲ್ಲ?”

“ದೊಡ್ಡೋರ ಮಾತು ನಿಂಗ್ಯಾಕೆ, ಓದ್ಕ ಹೋಗು” ಎಂದಳು ದೀಪಾ.

*

ನಾಲ್ಕನೇ ವಾರ ಯತ್ತಪ್ಪ ಮುದ್ದೆಯನ್ನು ಮುಟ್ಟದೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಸರಿಯಾಗಿ ಕೇಳಿಸ್ಕ. ಬರೋ ಭಾನುವಾರದಿಂದ ವಾರಕ್ಕೊಂದಿನ ಕೋಳಿ ಬಿರಿಯಾನಿ ಇಡ್ತೀನಿ. ಚಿತ್ರದುರ್ಗದಿಂದ ಅಡಿಗೆಯೋನು ಬರ್ತಾನೆ. ಒಲೆ ರಸ್ತೆ ಕಡೆ, ಪಾತ್ರೆ ಬಾಡಿಗೆವು. ಅತ್ತೆ ಅಡಿಗೆಮನೆ ಹತ್ರಕ್ಕೂ ಸುಳಿಯಲ್ಲ. ಅವ್ನು ಒಪ್ಪಿದ್ರೆ ಸರಿ. ಒಪ್ಪಲ್ಲ ಅಂದ್ರೆ ನನ್ನ ಪಾಲು ಬಿಡಿಸಿ ಕೊಡ್ಲಿ, ನಾನು ಹೊಳಲ್ಕೆರೆ ಕಡೆ ಹೋಗಿ ಬೇರೆ ಇಡ್ತೀನಿ. ಇಷ್ಟೂ ಹೇಳು. ಒಂದೂ ಬಿಡಬ್ಯಾಡ.”

ಪಾಲು ಎಂಬ ಮಾತನ್ನು ದೀಪಾ ಬೆಂಚಿನ ಬಳಿಯೇ ಬಿಟ್ಟಳು. ಮನೆಗೆ ಬಂದು ಗಂಡನಿಗೆ, “ಅಣ್ಣ ಕೋಳಿ ವಿಚಾರ ಇನ್ನೂ ಯೋಚನೆ ಮಾಡ್ತೈತೆ ರೀ. ನಿಮ್ಮನ್ನ ಒಂದು ಮಾತು ಕೇಳು ಅಂತು” ಎಂದಳು.

“ಕೇಳೋದೇನೈತೆ? ನಿಮ್ಮಣ್ಣಂಗೆ ಹೇಳು, ಈ ಜಾಗದಾಗೆ ಕೋಳಿ ಪುಕ್ಕ ಬಿದ್ರೂ ಅವತ್ತೇ ನಮ್ಮವ್ವನ್ನ ಕರ್ಕಂಡು ಹಟ್ಟಿಗೆ ಹೋಗ್ತೀನಿ. ಹೋಟ್ಲು ಅವನೇ ಇಟ್ಕಳ್ಲಿ.”

ಮನೆಯಿಂದ ಬೆಂಚಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ದೀಪಾ ಮೂರು ಸಲ ನಿಂತಳು. ಇದನ್ನು ಹೀಗೇ ಹೇಳಿದರೆ ಇವತ್ತಿಗೇ ಮನೆ ಎರಡಾಗುತ್ತದೆ. ನಾಲ್ಕು ದಿನ ತಳ್ಳಿದರೆ ಇಬ್ಬರ ಸಿಟ್ಟೂ ಇಳಿದೀತು.

“ಏನಂದ?”

“ಅಷ್ಟು ಅವಸರ ಬ್ಯಾಡ, ನೋಡಾಣ ಅಂದ್ರು.”

ಯತ್ತಪ್ಪನ ಮುಖ ಅರಳಿತು. ತಿಂಗಳಿಂದ ಅವನ ಮುಖದಲ್ಲಿ ಅಂಥ ಬೆಳಕು ಬಂದಿರಲಿಲ್ಲ. “ನೋಡಾಣ ಅಂದ್ನಾ? ಅವನ ಬಾಯಾಗೆ ಅಷ್ಟು ಬಂದ್ರೆ ಒಪ್ಪಿದ ಹಂಗೇ ಕಣಮ್ಮ. ನನ್ನ ಭಾವಮೈದ ಕೆಟ್ಟೋನಲ್ಲ, ನಾಲಿಗೆ ಒಂದು ಒರಟು, ಅಷ್ಟೇ.” ಆ ಸಂಜೆ ಅವನು ನಾಗಶ್ರೀಗೆ ಜಿಲೇಬಿ ತಂದ. ಇಲ್ಲ ಅಣ್ಣ, ಅವರು ಒಪ್ಪಿಲ್ಲ ಎಂಬ ಮಾತು ದೀಪಾಳ ಗಂಟಲವರೆಗೆ ಬಂದು ಜಿಲೇಬಿಯ ಜೊತೆ ಒಳಗೆ ಹೋಯಿತು.

ಆ ಭಾನುವಾರವೇ ಜುಂಜೇಶ ತಾಯಿಯನ್ನು ಕರೆದುಕೊಂಡು ಹೊಳಲ್ಕೆರೆಗೆ ಹೊರಟ. ಯತ್ತಪ್ಪನಿಗೆ ಹೆಣ್ಣು ನೋಡಲು. ಮಾತು ಬಿಟ್ಟವನಿಗೆ ಹೆಣ್ಣು ಹುಡುಕಲು ಹೊರಟ ಗಂಡನನ್ನು ನೋಡಿ ದೀಪಾಗೆ ಕಣ್ಣು ತುಂಬಿತು. ಯತ್ತಪ್ಪನೂ ತನ್ನ ಕಡೆಯಿಂದ ಮರ್ಯಾದೆಯನ್ನೇ ಮಾಡಿದ. “ಅತ್ತೆ ಊರಾಗಿಲ್ಲದ ದಿನವೇ ಶುರು ಮಾಡ್ತೀನಿ, ಮೊದಲ್ನೇ ದಿನ ಅವಳ ಕಣ್ಣಿಗೆ ಬೀಳೋದು ಬ್ಯಾಡ” ಎಂದ.

ಹನ್ನೆರಡಕ್ಕೆಲ್ಲ ಬಿರಿಯಾನಿಯ ವಾಸನೆ ರಸ್ತೆಗೆ ಹೋಯಿತು. ಕಾರುಗಳು ನಿಂತವು. ಒಂದೂವರೆಗೆ ಮೊದಲ ಪಾತ್ರೆ ತಳ ಕಂಡಿತು, ಕೂತವರು ಇನ್ನೂ ನಲವತ್ತು ಜನ. ಬಾಡಿಗೆಯವನು ಎರಡನೇ ಪಾತ್ರೆ ಕಳಿಸಿರಲಿಲ್ಲ. ಚಿತ್ರದುರ್ಗದ ಅಡಿಗೆಯವನು ಅತ್ತಿತ್ತ ನೋಡಿ, ಮನೆಯ ಜಗಲಿಯ ಮೇಲೆ ಬೋರಲು ಹಾಕಿದ್ದ ತಪ್ಪಲೆಯನ್ನು ಎತ್ತಿಕೊಂಡು ಹೋದ. ಆ ಮಂಗಳವಾರ ಹಟ್ಟಿಯಲ್ಲಿ ಇಡಬೇಕಿದ್ದ ವರ್ಷದ ಎಡೆಗೆಂದು ಜುಂಜಮ್ಮ ಹೊಸದಾಗಿ ಕಲಾಯಿ ಹಾಕಿಸಿ ಇಟ್ಟಿದ್ದ ತಪ್ಪಲೆ ಅದು. ಒಳಗೆ ಮುದ್ದೆ ಕಟ್ಟುತ್ತಿದ್ದ ದೀಪಾ ಹೊರಗೆ ಬರುವಷ್ಟರಲ್ಲಿ ಅದಕ್ಕೆ ಅಕ್ಕಿ ಕೋಳಿ ತುಂಬಿ, ಬಾಯಿಗೆ ಮುಚ್ಚಳವಿಟ್ಟು ಮೇಲೆ ಕೆಂಡ ಹಾಕಿಯಾಗಿತ್ತು.

ಅವಳು ಅಣ್ಣನ ತೋಳು ಹಿಡಿದು ತೋರಿಸಿದಳು. ಯತ್ತಪ್ಪ ಬಿಳಿಚಿಕೊಂಡ. ಗಿರಾಕಿಗಳ ಕಡೆ ನೋಡಿದ, ತಪ್ಪಲೆಯ ಕಡೆ ನೋಡಿದ.

“ಆಗಿದ್ದಾತು. ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಇದ್ದ ಕಡೆ ಇಟ್ಬಿಡು. ಅತ್ತೆಗೆ ನಾನೇ ಹೇಳ್ತೀನಿ.”

“ಇವತ್ತೇ ಹೇಳ್ತೀಯಾ?”

“ಹೇಳ್ತೀನಿ ಅಂದ್ನಲ್ಲ.”

ದೀಪಾ ನಾಲ್ಕು ಸಲ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಬೂದಿ ಕೂತಿತು.

ಸಂಜೆ ಹೊಳಲ್ಕೆರೆಯಿಂದ ಬಂದ ಜುಂಜಮ್ಮನಿಗೆ ಸಂಭ್ರಮವೋ ಸಂಭ್ರಮ. “ಹುಡ್ಗಿ ಲಕ್ಷಣವಾಗೈತೆ ದೀಪಿ. ನಿನ್ನ ಗಂಡನೇ ಮುಂದೆ ಬಿದ್ದು ಮಾತಾಡಿದ. ನಮ್ಮ ಭಾವನಂಥ ಗಂಡು ಸಿಗಲ್ಲ ನಿಮಗೆ ಅಂತ ಅವ್ನೇ ಹೇಳಿದ, ಗೊತ್ತಾ?” ಎನ್ನುತ್ತಾ ತಪ್ಪಲೆಯನ್ನು ಮಡಿಬಟ್ಟೆಯಲ್ಲಿ ಸುತ್ತತೊಡಗಿದಳು. ಯತ್ತಪ್ಪ ಹೇಳಲು ಅಂದೂ ಬರಲಿಲ್ಲ, ಸೋಮವಾರವೂ ಬರಲಿಲ್ಲ. ದೀಪಾ ಎರಡು ಸಲ ಬಾಯಿ ತೆರೆದಳು. ಇನ್ನೆರಡು ದಿನದಲ್ಲಿ ಗಂಡನೂ ಅಣ್ಣನೂ ನಗುತ್ತಾ ಹೆಣ್ಣಿನ ಮಾತಾಡುವಂತಿದ್ದಾರೆ, ಇಂಥ ಹೊತ್ತಿನಲ್ಲಿ ತಪ್ಪಲೆಯ ಸುದ್ದಿ ಹೇಗೆ ಎತ್ತುವುದು? ಮಂಗಳವಾರ ಬೆಳಿಗ್ಗೆ ತಪ್ಪಲೆ ಹೊಸದುರ್ಗದ ಬಸ್ಸಿನಲ್ಲಿ ಜುಂಜಮ್ಮನ ಪಕ್ಕ ಕೂತು ಹಟ್ಟಿಗೆ ಹೋಯಿತು. ಅದರಲ್ಲಿ ಎಡೆಯ ಸಾರು ಕುದಿಯಿತು. ದೀಪಾಳ ಅಪ್ಪ, ಪೂಜಾರಿ ಮುದ್ದಪ್ಪ, ತನ್ನ ಕೈಯಾರೆ ಎಡೆ ಇಟ್ಟ. ಇಡೀ ಹಟ್ಟಿ ಉಂಡಿತು.

*

ವಿಷಯ ಹೊರಗೆ ಬಂದದ್ದು ಬಹಳ ಸುಲಭವಾಗಿ. ಶುಕ್ರವಾರ ಒಬ್ಬ ಲಾರಿಯವನು ಕೈ ತೊಳೆಯುತ್ತಾ, “ಭಾನುವಾರ ಮಾಡಿದ್ರಲ್ಲ ಚಿಕನ್ ಬಿರಿಯಾನಿ, ಇವತ್ತಿಲ್ವಾ?” ಎಂದು ಜುಂಜೇಶನನ್ನೇ ಕೇಳಿದ. ಜುಂಜೇಶ ನೇರವಾಗಿ ತಟ್ಟೆ ತೊಳೆಯುವ ಮಹಾದೇವಮ್ಮನ ಬಳಿ ಹೋದ. ಆಕೆಗೆ ಮುಚ್ಚಿಡಬೇಕೆಂದು ಯಾರೂ ಹೇಳಿರಲಿಲ್ಲ. “ಆ ತಾಮ್ರದ ತಪ್ಪಲೆ ತುಂಬ ಮಾಡಿದ್ರು ಕಣಪ್ಪ, ನಿನ್ನ ಹೆಂಡ್ತಿನೇ ತಿಕ್ಕಿದ್ಲು” ಎಂದುಬಿಟ್ಟಳು.

ಜುಂಜಮ್ಮ ಕೂಗಾಡಲಿಲ್ಲ. ಹಟ್ಟಿಯಿಂದ ಮರಳಿ ಬಂದು ಮತ್ತೆ ಒಲೆಯೇರಿದ್ದ ತಪ್ಪಲೆಯ ಸೌಟನ್ನು ಕೆಳಗಿಟ್ಟು, ಮೊಮ್ಮಗಳಿಂದ ಫೋನು ಹಚ್ಚಿಸಿಕೊಂಡಳು.

“ಅಣ್ಣಯ್ಯ, ಎಡೆ ಕೆಟ್ಟೈತೆ. ನೀನು ಬಾ.”

ಆಮೇಲೆ ಜಗಲಿಯ ಮೇಲೆ ಹೋಗಿ ಕೂತಳು. ಎರಡು ದಿನ ಆ ಮನೆಯ ಒಂದಗುಳನ್ನೂ ಮುಟ್ಟದೆ ಬಾಳೆಹಣ್ಣು ಮಂಡಕ್ಕಿ ತಿಂದಳು. ದೀಪಾ ನೀರು ತಂದರೆ, “ಇಡು, ಬಾಯಾರಿಕಿಲ್ಲ” ಎಂದಳು.

ಮುದ್ದಪ್ಪ ಭಾನುವಾರ ಬೆಳಗಿನ ಬಸ್ಸಿಗೆ ಬಂದ. ಮಗಳ ಮನೆಯ ಹೊಸ್ತಿಲು ದಾಟಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ಜಗಲಿಗೆ ಹಾಸಿ ಕೂತು, ಇಬ್ಬರನ್ನೂ ಎದುರಿಗೆ ಕೂರಿಸಿದ. ದೀಪಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಯಾವನಪ್ಪ ಕೋಳಿ ತಂದೋನು?”

“ನಾನೇ” ಎಂದ ಯತ್ತಪ್ಪ. “ಆದ್ರೆ ಅಪ್ಪಯ್ಯ, ಇವ್ನು ಒಪ್ಪಿದ್ದ.”

“ಯಾವಾಗ ಒಪ್ಪಿದ್ದೆ ನಾನು?” ಜುಂಜೇಶ ತಿರುಗಿದ. ಐದು ವಾರದಲ್ಲಿ ಅವನು ಯತ್ತಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. “ಪುಕ್ಕ ಬಿದ್ರೂ ಅವ್ವನ್ನ ಕರ್ಕಂಡು ಹೋಗ್ತೀನಿ ಅಂತ ಹೇಳಿ ಕಳ್ಸಿದ್ದೆ.”

“ನೋಡಾಣ ಅಂದೆ ಅಂತ ಹೇಳಿದ್ಲು.”

“ನನ್ನ ಬಾಯಾಗೆ ಆ ಮಾತೇ ಬಂದಿಲ್ಲ. ನೀನು ಇನ್ನೂ ಯೋಚನೆ ಮಾಡ್ತಿದೀಯ ಅಂತ ಹೇಳಿದ್ಲು.”

“ಯೋಚನೆ ಎಲ್ಲಿಂದ ಬಂತು? ಭಾನುವಾರ ಇಡ್ತೀನಿ, ಒಪ್ಪದಿದ್ರೆ ಪಾಲು ಬಿಡಿಸು ಅಂದಿದ್ದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೊಂದೇ ಮಾತು ಹೊರಗೆ ಬಂತು. ಸಂತೆಯ ಮಾತು, ಲೆಕ್ಕಾಚಾರದ ಮಾತು, ದಾರಿಯಲ್ಲಿ ಬಿದ್ದುಹೋದ ಕತ್ತೆ.

“ನನ್ನ ಕಣ್ಣು ಚುರುಕು ಅಂದೆ ಅಂತ ನಾನು ಸಂತೆಗೆ ಹೋಗಿದ್ದು ಕಣಲೇ.”

“ನಾನಂದಿದ್ದು ನಿನ್ನ ಹೊಟ್ಟೆ ಗಲ್ಲಾ ದಾಟೈತೆ ಅಂತ, ಭಾವ.”

ಯತ್ತಪ್ಪನ ತುಟಿಯಲ್ಲಿ ನಗು ಬಂದು ಹೋಯಿತು. ಜುಂಜೇಶನಿಗೂ ಬಂದು ಹೋಯಿತು. ದೀಪಾ ಅದನ್ನು ನೋಡಿದಳು. ತಿಂಗಳಿಂದ ಅವಳು ಕಾದಿದ್ದದ್ದು ಇದಕ್ಕೇ, ಇಬ್ಬರ ಮುಖದಲ್ಲಿ ಒಂದೇ ಸಲ ಬರುವ ನಗುವಿಗೆ. ಆದರೆ ಆ ಎರಡು ಜೊತೆ ಕಣ್ಣು ತನ್ನ ಕಡೆ ತಿರುಗುವಷ್ಟರಲ್ಲಿ ಕೆಂಪಗಾಗಿದ್ದವು.

“ಹೇಳಿದ್ದನ್ನ ಹೇಳಿದ ಹಂಗೆ ಹೇಳಾಕೆ ನಿಂಗೇನಾಗಿತ್ತು?” ಎಂದ ಗಂಡ.

“ಇವಳೇ ಎಲ್ಲಾ ಹಾಳು ಮಾಡಿದ್ದು” ಎಂದ ಅಣ್ಣ.

“ನೀವು ಎದುರಾಬದುರು ಕುಂತು ಮಾತಾಡಿದ್ರೆ ನಂಗ್ಯಾಕೆ ಬೇಕಿತ್ತು ಈ ಕೆಲ್ಸ?” ದೀಪಾ ಬಾಗಿಲು ಬಿಟ್ಟು ಮುಂದೆ ಬಂದಳು. “ಮನೆ ಎರಡಾಗಬಾರ್ದು ಅಂತ ಮಾಡ್ದೆ.”

ಮುದ್ದಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಅದು ನಿಮ್ಮ ಮನೆ ಮಾತು, ನಂಗೆ ಬ್ಯಾಡ. ನಂಗೆ ಒಂದೇ ಬೇಕಾಗಿರೋದು. ತಪ್ಪಲೆ ಎಡೆಗೆ ಬರೋ ಮುಂಚೆ ಅದ್ರಾಗೆ ಕೋಳಿ ಬೆಂದಿದ್ದು ಯಾರ್ಯಾರಿಗೆ ಗೊತ್ತಿತ್ತು?”

ದೀಪಾ ಅಣ್ಣನ ಕಡೆ ನೋಡಿದಳು. ಯತ್ತಪ್ಪ ಕಂಬಳಿಯ ಅಂಚಿನ ಒಂದು ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಅತ್ತೆಗೆ ನಾನೇ ಹೇಳ್ತೀನಿ ಅಂದವನು ಅವನು. ಅವನು ತಲೆ ಎತ್ತುತ್ತಾನೇನೋ ಎಂದು ಅವಳು ಕಾದಳು. ಎತ್ತಲಿಲ್ಲ. ಅಣ್ಣನಿಗೂ ಗೊತ್ತಿತ್ತು ಅಂದರೆ ಜುಂಜೇಶ ಈಗಲೇ ಎದ್ದು ಹೋಗುತ್ತಾನೆ, ಈಗಷ್ಟೇ ಕೂಡಿದ್ದು ಮತ್ತೆ ಮುರಿಯುತ್ತದೆ.

“ನಂಗೊಬ್ಬಳಿಗೇ ಗೊತ್ತಿತ್ತು ಅಪ್ಪಯ್ಯ” ಎಂದಳು.

ಮುದ್ದಪ್ಪ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. “ಹಟ್ಟಿಗೆ ಬರಬ್ಯಾಡವ್ವ. ದೇವ್ರ ಶುದ್ಧಿ ಆಗೋವರ್ಗೂ ಅನ್ನಲ್ಲ. ನಾನು ಇರೋವರ್ಗೂ ಬರಬ್ಯಾಡ.”

ಜುಂಜಮ್ಮ ಅಣ್ಣನ ಜೊತೆಗೇ ಹೊರಟಳು. ಒಂದು ಚೀಲದಲ್ಲಿ ಎರಡು ಸೀರೆ, ಎಲೆ ಅಡಿಕೆ ಸಂಚಿ. ಜುಂಜೇಶ ಕಾಲಿಗೆ ಬಿದ್ದರೂ ನಿಲ್ಲಲಿಲ್ಲ. ತಪ್ಪಲೆ ಒಯ್ಯುವುದಿಲ್ಲವೇ ಎಂದು ಅವನು ಕೇಳಿದಾಗ, “ಇಲ್ಲೇ ಇರ್ಲಿ. ನಿಮ್ಮ ಬಿರಿಯಾನಿಗಾತು” ಎಂದಳು. ಬಸ್ಸಿನ ಸದ್ದು ಕೇಳಿದಾಗ ಮಾತ್ರ ಸೊಸೆಯ ಹತ್ತಿರ ಬಂದು ನಿಂತಳು.

“ನೀನು ಹುಟ್ಟಿದಾಗ ಮೊದ್ಲು ಎತ್ಕಂಡಿದ್ದು ನಾನು ದೀಪಿ. ನಿಮ್ಮವ್ವ ಅಲ್ಲ. ನಂಗೊಂದು ಮಾತು ಹೇಳ್ಬೋದಿತ್ತು.”

ದೀಪಾ ಚೀಲ ಎತ್ತಿಕೊಡಲು ಕೈ ಚಾಚಿದಳು. ಮುದುಕಿ ಚೀಲವನ್ನು ತಾನೇ ಎತ್ತಿಕೊಂಡಳು.

*

ಹಟ್ಟಿಯವರು ಕುರಿ ಕೊಡುವುದನ್ನು ನಿಲ್ಲಿಸಿದರು. ಹೊಳಲ್ಕೆರೆಯ ಹೆಣ್ಣಿನವರು ಬೇರೆ ಕಡೆ ಗೊತ್ತಾಯಿತೆಂದು ಹೇಳಿ ಕಳಿಸಿದರು. ಹತ್ತು ದಿನ ಹೋಟೆಲಿನ ಬಾಗಿಲು ಮುಚ್ಚಿತ್ತು. ಹನ್ನೊಂದನೇ ದಿನ ಜುಂಜೇಶನೇ ಮೇಲಿನ ಕೋಣೆಗೆ ಹೋಗಿ ಬಾಗಿಲು ತಟ್ಟಿದ.

“ಈಗೇನು ಮಾಡಾಣ ಭಾವ?”

“ಏನು ಮಾಡೋದು, ಕೆಟ್ಟಿದ್ದು ಕೆಟ್ಟಾತು. ಕೋಳಿನೇ ಮಾಡಾಣ.”

“ಅವ್ವ ಹೆಂಗೂ ಇಲ್ಲ.”

“ಊಂ.”

ಬೋರ್ಡಿನವನು ಮತ್ತೆ ಬಂದು ಕುರಿಯ ಪಕ್ಕದಲ್ಲಿ ಒಂದು ಹುಂಜ ಬರೆದ. ಚಿತ್ರದುರ್ಗದ ಅಡಿಗೆಯವನು ತಿಂಗಳ ಸಂಬಳಕ್ಕೆ ನಿಂತ. ತಾಮ್ರದ ತಪ್ಪಲೆಯಲ್ಲಿ ದಿನಕ್ಕೆರಡು ಸಲ ಬಿರಿಯಾನಿ ಇಳಿಯುತ್ತದೆ. ಭಾನುವಾರ ಬಂದರೆ ರಸ್ತೆಯ ಎರಡೂ ಬದಿಗೆ ಕಾರುಗಳು ನಿಲ್ಲುತ್ತವೆ. ಭಾವ-ಮೈದುನರು ಈಗ ಎಲ್ಲವನ್ನೂ ಎದುರಿಗೇ ಕೂತು ಮಾತಾಡುತ್ತಾರೆ. ದೀಪಾ ಹೋಟೆಲಿನ ಕಡೆ ಬರುವುದು ಬೇಡವೆಂಬುದನ್ನೂ ಹಾಗೆಯೇ ಇಬ್ಬರೂ ಕೂತು ತೀರ್ಮಾನಿಸಿದರು.

ಯತ್ತಪ್ಪ ಮೂರು ಗಂಟೆಯ ಊಟಕ್ಕೆ ಮತ್ತೆ ಮನೆಗೇ ಬರುತ್ತಾನೆ. ಜುಂಜಮ್ಮನ ಜಾಗ ಖಾಲಿ ಬಿಟ್ಟು ಆಚೆಗೊಬ್ಬ ಈಚೆಗೊಬ್ಬ ಕೂರುತ್ತಾರೆ. ಮಾತೂ ಉಂಟು, ನಗುವೂ ಉಂಟು. ಮುದ್ದೆ ಇಡುವವಳ ಜೊತೆ ಮಾತ್ರ ಮಾತಿಲ್ಲ. ಗಂಡ ಲೋಟ ಕುಟ್ಟಿದರೆ ನೀರು, ಅಣ್ಣ ತಟ್ಟೆ ಮುಂದೆ ತಳ್ಳಿದರೆ ಸಾರು. ಮೊದಮೊದಲು ಅವಳು, “ಅಣ್ಣ, ಇನ್ನರ್ಧ ಹಾಕ್ಲಾ?” ಎಂದು ಕೇಳುತ್ತಿದ್ದಳು. ಯತ್ತಪ್ಪ ಅವಳ ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದ. ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಬಡಿಸಿ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂರುತ್ತಾಳೆ.

ಮೊನ್ನೆ ಶನಿವಾರ, ನಾಗಶ್ರೀ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದಳು. ಜುಂಜೇಶ ಮೊದಲ ತುತ್ತು ಬಾಯಿಗಿಟ್ಟವನು ತಟ್ಟೆಯನ್ನು ದೂರ ಸರಿಸಿದ. ಗೋಡೆಯಾಚೆ ಕೂತಿದ್ದ ದೀಪಾಗೆ ಅಕ್ಷರ ಬಿಡದೆ ಕೇಳಿಸಿತು.

“ನಾಗಶ್ರೀ, ನಿಮ್ಮಮ್ಮಂಗೆ ಹೇಳು. ನಮ್ಮವ್ವನ್ನ ಮನೆಯಿಂದ ಕಳ್ಸಿದ್ದಾತು, ಇನ್ನು ಈ ಸಾರು ಉಣ್ಸಿ ನಮ್ಮನ್ನೂ ಕಳ್ಸು ಅಂತ. ನಾಯಿನೂ ಮೂಸಲ್ಲ ಇದನ್ನ.”

ಯತ್ತಪ್ಪ ಉಣ್ಣುವ ಸದ್ದು ಮುಂದುವರಿಯಿತು.

ಪುಟ್ಟ ಹೆಜ್ಜೆಗಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತವು. ಹುಡುಗಿ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದಳು. ಆಮೇಲೆ ತಾಯಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಅಮ್ಮ, ಸಾರು ಚೆನ್ನಾಗೈತಂತೆ. ಒಂಚೂರು ಉಪ್ಪು ಬೇಕಂತೆ, ಅಷ್ಟೇ.”

ಆ ಬಾಯಿಯನ್ನು ಕೈಯಿಂದ ಮುಚ್ಚಬೇಕು, ಇದೊಂದು ಕಲೀಬ್ಯಾಡ ಮಗಳೇ ಎಂದು ಬೇಡಿಕೊಳ್ಳಬೇಕು ಎಂದು ದೀಪಾಳ ಜೀವ ಒದ್ದಾಡಿತು. ಮಗಳು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದಳು, ಅಮ್ಮ ನಂಬಿದಳೋ ಇಲ್ಲವೋ ಎಂದು. ದೀಪಾ ಕಣ್ಣೊರೆಸಿಕೊಂಡು, ಉಪ್ಪಿನ ಡಬ್ಬಿ ತೆಗೆದು ಆ ಪುಟ್ಟ ಕೈಗೆ ಕೊಟ್ಟಳು.